ಊರವರ ನಿಧನವಾರ್ತೆ ಬರೆಯುವ ಹಾನ್ ಮೇಷ್ಟ್ರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಮೆರಿಕದ ಡೆಸ್ ಪ್ಲೇನ್ಸ್ ಊರಿನಲ್ಲಿ ವಯಸ್ಸಾದವರೇ ಇರುವ ಅಪಾರ್ಟ್‌ಮೆಂಟಿನ ಮುಂದೆ ಹಳೆಯ ವ್ಯಾನೊಂದು ನಿಲ್ಲುತ್ತದೆ. ಮೊಣಕಾಲು ಹಿಡಿದುಕೊಂಡು ಇಳಿಯುವ ಹಾನ್ ಚಾಂಗ್-ಶಿಕ್ ಅವರಿಗೆ ಎಂಬತ್ತರ ಹತ್ತಿರ. ತಾವೇ ಬರೆದು ಅಚ್ಚು ಹಾಕಿಸಿದ ಕೊರಿಯನ್ ವಾರಪತ್ರಿಕೆಯನ್ನು ಬಾಗಿಲು ಬಾಗಿಲಿಗೂ ಇಡುತ್ತಾ ಹೋಗುತ್ತಾರೆ. ಒಂದು ಬಾಗಿಲ ಮುಂದೆ ಮಾತ್ರ ಚಾಚಿದ ಕೈ ಹಿಂದೆ ಬರುತ್ತದೆ. ಆ ಮನೆಯ ಅಜ್ಜಿಯ ನಿಧನವಾರ್ತೆ ಇದೇ ಸಂಚಿಕೆಯಲ್ಲಿದೆ.

"ಓದೋರು ಒಬ್ಬೊಬ್ರೇ ಹೋಗ್ತಾ ಇದ್ದಾರೆ. ಎಲ್ಲರ ಸಾವಿನ ಸುದ್ದೀನೂ ನಾನೇ ಬರೀತೀನಿ," ಎನ್ನುತ್ತಾರೆ ಇಂಗ್ಲಿಷಿನಲ್ಲಿ. "ನನ್ನದನ್ನ ಯಾರು ಹಾಕ್ತಾರೋ!"

ಕೊರಿಯಾದ ದೇಗು ನಗರದಲ್ಲಿ ಮೇಷ್ಟ್ರಾಗಿದ್ದವರು ಇಲ್ಲಿಗೆ ಬಂದು ಓಹೇರ್ ವಿಮಾನ ನಿಲ್ದಾಣದ ಪಕ್ಕದ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತರು. ಶನಿವಾರಗಳಂದು ಚರ್ಚಿನ ನೆಲಮಾಳಿಗೆಯಲ್ಲಿ ಊರ ಮಕ್ಕಳಿಗೆ ಕೊರಿಯನ್ ಕಲಿಸಿದರು. ಆ ಮಕ್ಕಳು ಬೆಳೆದು, ಕಲಿತದ್ದನ್ನು ಮರೆತು, ಹಾಯಾಗಿದ್ದಾರೆ. ಮೇಷ್ಟ್ರಿಗೆ ಸ್ವಂತ ಮಕ್ಕಳಿಲ್ಲ. ಹೆಂಡತಿ ಸುನ್-ಜಾ ಪತ್ರಿಕೆಯ ಪುಟ ಜೋಡಿಸುತ್ತಿದ್ದರು. ಈಗ ಆ ಕೆಲಸ ಪಕ್ಕದ ಮನೆಯ, ಮೈಸೂರಿನ ಲತಾಶ್ರೀ ಅವರದು. ಕೊರಿಯನ್ ಓದಲು ಬಾರದಿದ್ದರೂ ಮೇಷ್ಟ್ರು ತೋರಿಸಿದ ಕಡೆ ಬರಹಗಳನ್ನು ಕೂರಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ಮೇಷ್ಟ್ರು ನಗರಸಭೆಗೆ ನಿಂತಿದ್ದರು. ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯಲು ಒಂದು ಬಸ್ಸು ಬೇಕು ಎಂಬುದಷ್ಟೇ ಅವರ ರಾಜಕೀಯ. ಲತಾಶ್ರೀ ಉಮೇದಿನಿಂದ ಅವರ ಹೆಸರಿನ ಮೂರು ಕೊರಿಯನ್ ಅಕ್ಷರ ತಿದ್ದಿ ಕಲಿತು, ಒಳ್ಳೆಯದಾಗಲೆಂದು ಕುಂಕುಮದ ಬಣ್ಣದಲ್ಲೇ ಬೋರ್ಡುಗಳನ್ನು ಬರೆದರು. ಬದುಕಿರುವವರ ಹೆಸರನ್ನು ಕೊರಿಯನ್ನರು ಕೆಂಪಿನಲ್ಲಿ ಬರೆಯುವುದಿಲ್ಲ, ಅದು ಸತ್ತವರಿಗೆ. ಮೇಷ್ಟ್ರು ಆ ಬೋರ್ಡುಗಳನ್ನು ತಾವೇ ನೆಟ್ಟು ಬಂದರು. ಅವರ ಜನವೇ ಬೆಚ್ಚಿ ಮುಖ ತಿರುಗಿಸಿತು. ಮೇಷ್ಟ್ರು ಸೋತರು. ಆ ಚಳಿಗಾಲದಲ್ಲೇ ಸುನ್-ಜಾ ತೀರಿಕೊಂಡರು. ಆ ಕೆಂಪಕ್ಷರಕ್ಕೂ ಈ ಸಾವಿಗೂ ಸಂಬಂಧವಿಲ್ಲವೆಂದು ಮೇಷ್ಟ್ರಿಗೆ ಗೊತ್ತು, ಆದರೂ ಆ ಸಂಕಟ ಮನಸ್ಸು ಬಿಟ್ಟು ಹೋಗಿಲ್ಲ.

ಕಳೆದ ತಿಂಗಳು ಯಾರೋ ಹೇಳಿ ಲತಾಶ್ರೀಗೆ ಕೆಂಪಕ್ಷರದ ವಿಷಯ ತಿಳಿಯಿತು. ಮೇಷ್ಟ್ರ ಅಡುಗೆಮನೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು.

"ಒಂದ್ ಮಾತು ಹೇಳ್ಬಾರ್ದಿತ್ತಾ ಅಂಕಲ್?"

"ನೀನು ಅಷ್ಟು ಖುಷಿಯಿಂದ ತಂದಿದ್ದೆ. ಹೇಗೆ ಹೇಳ್ಲಿ?"

ಅವರ ಅಳು ನಿಂತ ಮೇಲೆ ಮೇಷ್ಟ್ರು ಒಂದೇ ಒಂದು ಕೇಳಿಕೊಂಡರು.

"ಕೊನೇ ಸಂಚಿಕೆ ನೀನೇ ತರಬೇಕು. ಬೇರೇನೂ ಬೇಡ, ನನ್ನ ಹೆಸರಿದ್ರೆ ಸಾಕು. ಆ ಮೂರಕ್ಷರ ನಿನಗೆ ಬರುತ್ತಲ್ಲ. ಆಗ ಕೆಂಪಲ್ಲೇ ಹಾಕು, ಮಗಳೇ. ಆಗ ಯಾರೂ ತಪ್ಪು ತಿಳ್ಕೊಳ್ಳಲ್ಲ."