ಬಾವಿಯ ತವರುಮನೆ

ದೇವರನ್ನು ನಂಬುವವಳು ನಾನು. ಆದರೆ ಪವಾಡ, ಮೈಮೇಲೆ ಬರುವುದು, ಸತ್ತವರು ಕಾಣಿಸಿಕೊಳ್ಳುವುದು ಇವನ್ನೆಲ್ಲ ನಂಬಿದವಳಲ್ಲ. ಯಾರಾದರೂ ಅಂಥದ್ದು ಹೇಳಿದರೆ ರೊಟ್ಟಿ ಬಡಿಯುತ್ತಲೇ ಹೂಂಗುಟ್ಟಿ ಸುಮ್ಮನಾಗುತ್ತಿದ್ದೆ. ಈಗ ನಾನು ಹೇಳುವುದಕ್ಕೆ ನೀವೂ ಹಾಗೇ ಮಾಡಿದರೆ ನನ್ನ ತಕರಾರಿಲ್ಲ.

ರಾಜೇಶ್ವರದ ಹತ್ತಿರ ನಮ್ಮ ಹೊಲ. ಅದರ ಮೇಲಿನ ತುದಿಯಲ್ಲಿ, ರಸ್ತೆಗೆ ಹತ್ತಿಕೊಂಡು, ಒಂದು ತುಂಡು ಜವಳು ನೆಲವಿದೆ. ಬೇಸಿಗೆಯಲ್ಲೂ ಕಾಲಿಟ್ಟರೆ ಹಿಮ್ಮಡಿ ಹುಗಿಯುತ್ತದೆ. ಜೊಂಡಿನಂಥ ಆಪಿನ ಹುಲ್ಲು ಬಿಟ್ಟರೆ ಬೇರೇನೂ ಬೆಳೆಯದು. ಇಳಿಜಾರಿನ ಕೆಳಗೆ, ಮನೆಯ ಪಕ್ಕ, ನಮ್ಮ ಬಾವಿ. ಸುತ್ತಲಿನ ಬೋರುಗಳು ಬತ್ತಿದಾಗಲೂ ಅದರಲ್ಲಿ ಕೊಡ ಮುಳುಗುವಷ್ಟು ನೀರು ಇದ್ದೇ ಇರುತ್ತಿತ್ತು. ನೀರಿಗಾಗಿ ಎಂದೂ ದೂರ ಹೋಗದ ಸೊಸೆ ನಾನು; ಶಿವ ಕೊಟ್ಟದ್ದರಲ್ಲಿ ಇದನ್ನೇ ಮೊದಲು ನೆನೆಯುತ್ತೇನೆ.

ಎಳ್ಳಮಾವಾಸ್ಯೆಯ ದಿನ ಭೂತಾಯಿಗೆಂದು ಹೊಲಕ್ಕೆಲ್ಲ ಹಬ್ಬದಡಿಗೆಯ ಚರಗ ಚೆಲ್ಲಿದ ಮೇಲೆ ಅತ್ತೆ ಒಂದು ಹಿಡಿಯನ್ನು ಜವಳಿನ ಅಂಚಿಗೂ ಇಡುತ್ತಿದ್ದರು. "ಇದು ಬಾವಿ ತವರುಮನಿ. ತವರಿಗಿ ಬರಿಗೈಲೆ ಬರಬಾರದು," ಅನ್ನುತ್ತಿದ್ದರು.

ಅವರದೇ ತವರಿನಿಂದ ಬಂದ ಒಂದು ಹಿತ್ತಾಳೆ ತಂಬಿಗೆ ಇತ್ತು. ಕೊರಳ ಸುತ್ತ ಚುಕ್ಕಿಚುಕ್ಕಿಯಾಗಿ ಅವರ ಹೆಸರು, ಪಕ್ಕದಲ್ಲಿ ಘಾಟಬೋರಾಳ ಎಂದು ಊರು. ಒಮ್ಮೆ ಅದು ಅವರ ಕೈಜಾರಿ ಬಾವಿಗೆ ಬಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಕೊಕ್ಕೆಗಳ ಪಾತಾಳಗರಡಿ ಬಿಟ್ಟು ಜಾಲಾಡಿದರೂ ಸಿಗಲಿಲ್ಲ. ಮುಂದೊಂದು ಬೇಸಿಗೆಯಲ್ಲಿ ಹೂಳು ತೆಗೆಸಿದಾಗ ಅತ್ತೆ ಕೆಸರನ್ನೆಲ್ಲ ಕೈಯಿಂದ ಹಿಸುಕಿ ನೋಡಿದರು. ಇರಲಿಲ್ಲ. ಆಮೇಲೆ ಅವರೂ ಲಿಂಗೈಕ್ಯರಾದರು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರು ಜವಳು ನೆಲಕ್ಕೆ ಮುರುಮು ಮಣ್ಣು ತುಂಬಿಸಿ ಗೋದಾಮು ಕಟ್ಟಿಸುವ ಮನಸ್ಸು ಮಾಡಿದರು. ಹುಮನಾಬಾದಿನ ಕಾಲೇಜಿಗೆ ಹೋಗುತ್ತಿದ್ದ ಮಗಳು ಭಾಗ್ಯಶ್ರೀ ಅಡ್ಡ ನಿಂತಳು. ಜವಳು ಮಳೆಯ ನೀರನ್ನು ಹಿಡಿದಿಟ್ಟು, ಸೋಸಿ, ಸ್ವಲ್ಪಸ್ವಲ್ಪವೇ ನೆಲದೊಳಗೆ ಬಿಡುತ್ತದಂತೆ. ಚಳಿ ದೇಶಗಳ ಜವಳಿನಲ್ಲಿ ಸತ್ತ ಹುಲ್ಲು ಕೊಳೆಯದೆ ಸಾವಿರಾರು ವರ್ಷ ಪದರಪದರವಾಗಿ ಕೂಡುತ್ತದಂತೆ. ಭೂಮಿಯನ್ನು ಬಿಸಿ ಮಾಡುವ ಇಂಗಾಲ ಅದರೊಳಗೇ ಉಳಿಯುತ್ತದಂತೆ. ಕೆದಕಿ ಒಣಗಿಸಿದರೆ ಎಲ್ಲ ಗಾಳಿಗೆ. ನನಗೆ ತಿಳಿದದ್ದು ಇಷ್ಟೇ: ಗಡಿಗೆಗೆ ಸುತ್ತಿದ ಒದ್ದೆ ಅರಿವೆಯ ಹಾಗೆ ಅದು, ಬಿಚ್ಚಿದರೆ ಕೆಟ್ಟೆವು.

"ಸೊಳ್ಳಿ ಬಿಟ್ರ ಅಲ್ಲಿ ಏನ್ ಬೆಳಿತದ?" ಎಂದರು ಇವರು.

"ನಮ್ಮ ಬಾವಿ ನೀರು ಬೆಳಿತದ, ಅಪ್ಪಾ. ಮುಚ್ಚಿ ಗೋದಾಮ್ ಕಟ್ರಿ, ಆಮ್ಯಾಗ ಗೋದಾಮಿನ್ಯಾಗೇ ಕೊಡ ಇಳಿಸೋಣು."

"ಇಕಿನ್ನ ಕಾಲೇಜಿಗಿ ಕಳಿಸಿದ್ದು ನಂದೇ ತಪ್ಪು," ಎಂದು ನಕ್ಕರು. ಆದರೂ ಎಳ್ಳಮಾವಾಸ್ಯೆಯ ಮರುದಿನವೇ ಬಾ ಎಂದು ಟಿಪ್ಪರ್‌ನವನಿಗೆ ಹೇಳಿಬಿಟ್ಟರು.

ಆ ಅಮಾವಾಸ್ಯೆಯ ಮಧ್ಯಾಹ್ನ, ಊಟಕ್ಕೆ ಕೂಡುವ ಮೊದಲು, ಇದೇ ಕಡೆಯ ಸಲವೆಂದು ಒಂದು ಹಿಡಿ ಚರಗ ತೆಗೆದುಕೊಂಡು ಜವಳಿಗೆ ಹೋದೆ. ಗಾಳಿ ಇರಲಿಲ್ಲ, ಬಿಸಿಲು ಸ್ವಚ್ಛವಾಗಿತ್ತು. ಅತ್ತೆ ಇಡುತ್ತಿದ್ದ ಜಾಗದಲ್ಲೇ, ಆಪಿನ ಬುಡದಲ್ಲಿ, ಆ ತಂಬಿಗೆ ನಿಂತಿತ್ತು. ಬಿದ್ದಿರಲಿಲ್ಲ, ನಿಂತಿತ್ತು. ಕೊರಳತನಕ ತಿಳಿನೀರು. ಚುಕ್ಕಿಗಳ ಮೇಲೆ ಬೆರಳಾಡಿಸಿ ಹೆಸರು ಓದಿದೆ. ಹೆದರಿಕೆಯಾಗಲಿಲ್ಲ. ಹಿರಿಯರು ಎದುರಿಗೆ ಬಂದಾಗ ಮಾಡುವ ಹಾಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಆಮೇಲೆ ಇವರನ್ನೂ ಮಗಳನ್ನೂ ಕೂಗಿ ಕರೆದೆ.

"ಹೂಳು ತೆಗಿವಾಗ ಯಾರಿಗರೆ ಸಿಕ್ಕಿರಬೇಕವ್ವಾ, ಇಲ್ಲಿ ತಂದು ಇಟ್ಟಾರ," ಎಂದಳು ಮಗಳು.

ಇರಬಹುದು. ಆದರೆ ಅತ್ತೆ ಹೋದ ಮೇಲೆ ಪ್ರತಿವರ್ಷ ಅದೇ ಜಾಗದಲ್ಲಿ ಚರಗ ಇಟ್ಟವಳು ನಾನೇ; ಒಮ್ಮೆಯೂ ಅದು ಅಲ್ಲಿ ಕಂಡಿರಲಿಲ್ಲ. "ನೀರು ಇಲ್ಲಿಂದ ಬಾವಿಗಿ ಇಳಿತದ ಅಂದಾಕಿ ನೀನೇ. ತಂಬಿಗಿ ಹ್ಯಾಂಗ ಏರ್ತು?" ಎಂದೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇವರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಟಿಪ್ಪರ್‌ನವನಿಗೆ ಫೋನ್ ಹಚ್ಚಿದರು. ಮರುದಿನ ಟಿಪ್ಪರ್ ಬರಲಿಲ್ಲ.

ಇವತ್ತಿಗೂ ನನಗೆ ಗೊತ್ತಾಗಿಲ್ಲ. ಪವಾಡವೆಂದು ಊರಲ್ಲಿ ಹೇಳಿಕೊಂಡಿಲ್ಲ, ತಂಬಿಗೆಗೆ ವಿಭೂತಿ ಹಚ್ಚಿಲ್ಲ. ಅದರಲ್ಲಿ ನೀರು ಕುಡಿಯುತ್ತೇವೆ, ಅಷ್ಟೇ. ಟಿಪ್ಪರ್‌ನವನು ಈಗಲೂ ಆಗೀಗ ಫೋನ್ ಮಾಡುತ್ತಾನೆ. ಅತ್ತೆ ಹೋಗಿ ಇಷ್ಟು ಕಾಲವಾದರೂ ಇವರದು ಒಂದೇ ಉತ್ತರ:

"ತಡಿರಿ, ನಮ್ಮವ್ವಗ ಒಂದ್ ಮಾತ್ ಕೇಳಬೇಕು."