ವಸಡಿನ ನೀರು ಕೊಟ್ಟ ಮೂರು ತಿಂಗಳು

ಮೊದಲು ಕಂಡದ್ದು ರೊಟ್ಟಿಯ ಮೇಲೆ. ಕಡಕ್ ರೊಟ್ಟಿ ಮುರಿದು ಕಚ್ಚಿದೆ. ಉಳಿದ ತುಂಡನ್ನು ತಾಟಿನಲ್ಲಿಟ್ಟಾಗ ಅದರ ಬಿಳಿ ಅಂಚಿಗೆ ಕೆಂಪು ಹತ್ತಿತ್ತು. ಕೆಂಪು ಚಟ್ನಿ ಇರಬೇಕು ಅಂದುಕೊಂಡೆ. ಅಂದು ಚಟ್ನಿ ಹಾಕಿಕೊಂಡಿರಲಿಲ್ಲ.

ರಕ್ತ ಹೊಸದಲ್ಲ. ಪಲ್ಲವಿ, ನಿಮ್ಮಪ್ಪ ನನ್ನ ಹೊಟ್ಟೆಯಲ್ಲಿದ್ದಾಗಿನಿಂದ ವಸಡಿನಲ್ಲಿ ಆಗಾಗ ರಕ್ತ ಬರುತ್ತಿತ್ತು. ನಿಮ್ಮಜ್ಜನಿಗೆ ಹೇಳಿದ್ದೆ. "ಉಪ್ಪ ಹಚ್ಚು," ಅಂದರು. ಹಚ್ಚಿದೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು, ಆಮೇಲೂ ಹಚ್ಚಿದೆ. ಅವರ ದವಡೆ ಹಲ್ಲು ನೋವಾದಾಗ ಮಾತ್ರ ಅದೇ ದಿನ ಸವದತ್ತಿಗೆ ಹೋಗಿ ತೋರಿಸಿಕೊಂಡು ಬಂದಿದ್ದರು. ಅವರಿದ್ದಾಗ ಈ ಮಾತು ಒಮ್ಮೆಯೂ ಆಡಿದವಳಲ್ಲ. ಎದುರಿಗೆ ಆಡಲು ಬಾರದ್ದನ್ನು ಬರೆಯಲು ಬರುತ್ತದೆ ಅಂತ ಈಗ ಗೊತ್ತಾಗುತ್ತಿದೆ.

ಒಂದು ಬೆಳಿಗ್ಗೆ ನಿನಗೆ ಜಡೆ ಹಾಕುತ್ತಿದ್ದೆ. ರಿಬ್ಬನ್ ಎಲ್ಲಿ ಅಂತ ಬಗ್ಗಿ ಕೇಳಿದೆ. ನೀನು ಮುಖ ಸರಿಸಿದೆ.

"ಆಯಿ, ನಿನ್ನ ಬಾಯಿ ನಾರಾಕತ್ತೈತಿ."

ಅಂದಿನಿಂದ ಬಾಯಿಗೆ ಸೆರಗು ಹಿಡಿದು ಮಾತಾಡುವುದನ್ನು ರೂಢಿ ಮಾಡಿಕೊಂಡೆ. ನಿನ್ನ ತಪ್ಪಲ್ಲ. ದೊಡ್ಡವರಿಗೆಲ್ಲ ವಾಸನೆ ಬರುತ್ತಿತ್ತು, ಯಾರೂ ಹೇಳಿರಲಿಲ್ಲ, ಅಷ್ಟೇ. ನಿಮ್ಮಪ್ಪ ಹೇಳಿದ್ದು ಬೇರೆ. "ಯವ್ವಾ, ಎಲ್ಲಾ ಕೀಳಿಸಿ ಸೆಟ್ ಹಾಕಿಸಿಬಿಡೂಣು ಬೇ. ಕಿರಿಕಿರಿನ ಇರೂದಿಲ್ಲ." ಅವನು ಅದನ್ನು ಪ್ರೀತಿಯಿಂದಲೇ ಹೇಳಿದ. ಆದರೆ ಅವು ನನ್ನ ಹಲ್ಲು. ನನ್ನ ಮೈಯಲ್ಲಿ ನಾನು ಕೇಳಿ ಉಳಿಸಿಕೊಂಡದ್ದು ಅಂತ ಒಂದೂ ಇಲ್ಲ. ಇವನ್ನಾದರೂ ಉಳಿಸಿಕೊಳ್ಳಬೇಕು ಅನಿಸಿತು.

ಆಗಲೇ ನಮ್ಮೂರು ಮನೋಳಿಯ ಶಾಲೆಯಲ್ಲಿ ಹಲ್ಲಿನ ತಪಾಸಣೆ ಇತ್ತು. ಯಾವುದೋ ದಂತ ಕಾಲೇಜಿನವರು ವ್ಯಾನ್ ತಂದಿದ್ದರು. ನೀಲವ್ವ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ನೀಲವ್ವ ಅಂದರೆ ನಿಮ್ಮ ಸಣ್ಣಾಯಿ, ನಿಮ್ಮಜ್ಜನ ತಮ್ಮನ ಹೆಂಡತಿ, ನನ್ನ ನೆಗೆಣ್ಣಿ. ನಡುವೆ ಒಂದು ಗೋಡೆ, ಆಚೆ ಅವಳು, ಈಚೆ ನಾನು. ನಾನು ಆಡದೆ ಬಿಟ್ಟ ಮಾತೆಲ್ಲ ಅವಳು ಆಡುತ್ತಾಳೆ.

ಪರೀಕ್ಷೆ ಮಾಡಿದವರು ಡಾಕ್ಟರ್ ಸಮೀನಾ. ರಾಮದುರ್ಗದ ಹುಡುಗಿ, ತಂದೆ ಬಸ್ ಡ್ರೈವರ್. ಇನ್ನೂ ದೊಡ್ಡ ಪದವಿಗೆ ಓದುತ್ತಿದ್ದರು. ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ವಸಡಿನೊಳಗೆ ಇಳಿಸಿ ಇಳಿಸಿ ಅಂಕಿ ಹೇಳಿದರು. ಆಮೇಲೆ ಗ್ಲೌಸ್ ತೆಗೆದು ನನ್ನ ಎದುರಿಗೆ ಕೂತರು.

"ಅಮ್ಮಾರ, ಹುಳುಕಲ್ಲ ಇದು. ವಸಡಿನ ರೋಗ. ಹಲ್ಲ ಹಿಡಕೊಂಡಿರೂ ಎಲುಬು ಸವದೈತಿ. ಕೆಳಗಿನ ನಾಕ ಹಲ್ಲ ಅಳ್ಳಾಡಾಕತ್ತಾವು."

"ಉಳೀತಾವೇನ್ರಿ?"

"ನೋಡೂಣು. ಖಾತ್ರಿ ಕೊಡಾಕ ಆಗೂದಿಲ್ಲ."

ಖಾತ್ರಿ ಇಲ್ಲ ಅಂದರೂ, ಉಳಿಸುವ ಮಾತನ್ನು ಆಡಿದವರು ಅವರೊಬ್ಬರೇ.

ಬೈಲಹೊಂಗಲದಲ್ಲಿ ಆ ಕಾಲೇಜಿನದೊಂದು ಸಣ್ಣ ದವಾಖಾನೆ ಇದೆ. ಅಲ್ಲಿ ಅವರದೊಂದು ಸ್ಟಡಿ ನಡೆದಿತ್ತು. ಬಾಯಿಯ ನೀರನ್ನು ನೋಡಿ ವಸಡಿನ ರೋಗ ಎಷ್ಟಿದೆ, ಚಿಕಿತ್ಸೆ ಹತ್ತುತ್ತಿದೆಯೋ ಇಲ್ಲವೋ ತಿಳಿಯುವುದು. ಸೇರಿದವರಿಗೆ ಹಲ್ಲು ಶುಚಿ ಮಾಡುವ ಸ್ಕೇಲಿಂಗ್ ಬಿಟ್ಟಿ. ಮೂರು ತಿಂಗಳಾದ ಮೇಲೆ ವಸಡು ತಹಬಂದಿಗೆ ಬಂದರೆ ನನ್ನ ಆ ನಾಲ್ಕು ಹಲ್ಲು ಅಳ್ಳಾಡದ ಹಾಗೆ ಪಕ್ಕದ ಗಟ್ಟಿ ಹಲ್ಲಿಗೆ ಸೇರಿಸಿ ತಂತಿ ಕಟ್ಟುತ್ತೇವೆ ಅಂದರು. ನೀಲವ್ವನಿಗೂ ವಸಡು ಊದಿಕೊಂಡಿತ್ತು, ಹಲ್ಲು ಮಾತ್ರ ಗಟ್ಟಿ ಇದ್ದವು. ಇಬ್ಬರೂ ಸೇರಿದೆವು.

ಮೊದಲ ದಿನ ಕಾಗದದ ಸಣ್ಣ ಪಟ್ಟಿಗಳನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿದರು. ನೋಯುವುದಿಲ್ಲ. ಅರ್ಧ ನಿಮಿಷದಲ್ಲಿ ಆ ಸಂದಿಯ ನೀರನ್ನು ಕಾಗದ ಹೀರಿಕೊಳ್ಳುತ್ತದೆ. ಅದನ್ನು ಒಂದು ಯಂತ್ರದಲ್ಲಿಟ್ಟರೆ ಅಂಕಿ ಬರುತ್ತದೆ. ಆದರೆ ಪಟ್ಟಿಗೆ ರಕ್ತ ಹತ್ತಬಾರದು. ನನ್ನ ಮೊದಲ ಮೂರು ಪಟ್ಟಿಗಳು ಕೆಂಪಾಗಿ ಬುಟ್ಟಿಗೆ ಬಿದ್ದವು. ಪರೀಕ್ಷೆಗೂ ಬಾರದಷ್ಟು ಕೆಟ್ಟಿತ್ತು ನನ್ನ ಬಾಯಿ.

ಆಮೇಲೆ ಜೊಲ್ಲು ಕೊಡಬೇಕಿತ್ತು. ಉಗುಳಬಾರದು, ತಲೆ ಬಗ್ಗಿಸಿ ಕೂತು ತುಟಿಯಿಂದ ಟ್ಯೂಬಿಗೆ ತಾನಾಗಿ ಇಳಿಯಲು ಬಿಡಬೇಕು. ಪರದೆ ಇರಲಿಲ್ಲ. ಎದುರಿನ ಬೆಂಚಿನಲ್ಲಿ ಊರೂರಿನ ಮಂದಿ ಕೂತಿದ್ದರು. ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ನಾಚಿಕೆಗೆ ಬಾಯಿ ಒಣಗಿಹೋಯಿತು.

ನೀಲವ್ವನ ಟ್ಯೂಬು ಆಗಲೇ ತುಂಬಿತ್ತು. "ಯಕ್ಕಾ, ಹುಣಸಿಕಾಯಿ ನೆನಸ್ಕೊ."

"ಏನೂ ನೆನಸಬ್ಯಾಡ್ರಿ," ಅಂದರು ಡಾಕ್ಟರ್. "ತಾನ ಬರಲಿ."

"ತಾನ ಬರೂ ಹೊತ್ತಿಗೆ ನಮ್ಮ ಬಸ್ ಹೋಗಿರತೈತ್ರಿ ಮೇಡಂ."

ಬೆಂಚಿನವರೆಲ್ಲ ನಕ್ಕರು. ನಾನು ಸೆರಗಿನೊಳಗೆ ಅತ್ತೆ. ಕಣ್ಣೀರು ಬಂತು, ಜೊಲ್ಲು ಬರಲಿಲ್ಲ. ಅರ್ಧ ತಾಸು ಹಿಡಿಯಿತು.

ಎರಡು ಸಲ ಹೋಗಿ ಸ್ಕೇಲಿಂಗ್ ಮಾಡಿಸಿಕೊಂಡ ಮೇಲೆ ಇಬ್ಬರಿಗೂ ಒಂದೊಂದು ಮೌತ್‌ವಾಶ್ ಬಾಟಲಿ ಕೊಟ್ಟರು. ಹೆಸರಿಲ್ಲ, ಬರೀ ನಂಬರು. ಒಂದು ಬಗೆಯದರಲ್ಲಿ ಔಷಧ, ಇನ್ನೊಂದರಲ್ಲಿ ಬಣ್ಣದ ನೀರು. ಯಾರಿಗೆ ಯಾವುದು ಅನ್ನುವುದು ತಮಗೂ ಗೊತ್ತಿಲ್ಲ ಅಂದರು ಡಾಕ್ಟರ್. "ಯಾರಿಗೂ ಕೊಡಬ್ಯಾಡ್ರಿ ಮತ್ತ."

ಮರುದಿನ ಬೆಳಿಗ್ಗೆ ನೀಲವ್ವ ಹಿತ್ತಲಿಗೆ ಬಂದು ನನ್ನ ಬಾಟಲಿಯಿಂದ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡಳು. ಮುಖ ಕಿವುಚಿದಳು.

"ಕಹಿ! ನಿನ್ನದು ಖರೇ ಔಷಧ. ನಂದು ಪೆಪ್ಪರಮಿಂಟಿನ ನೀರು ನೋಡು. ನಿನಗ ಔಷಧ, ನನಗ ಶರಬತ್ತು. ಏನ್ ಪಾಪಾ ಮಾಡಿದ್ನೋ ನಾ."

ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ನಮ್ಮ ಅತ್ತೆಯವರು ನಮಗಿಬ್ಬರಿಗೆ ಕಲಿಸಿದ ನ್ಯಾಯ ಒಂದೇ. ಮನೆಗೆ ಏನೇ ಬರಲಿ, ಸೊಸೆಯರಿಬ್ಬರಿಗೆ ಸಮನಾಗಿ ಅರ್ಧ. ಸೀರೆಯ ಬಣ್ಣ ಒಂದೇ, ಬೆಲ್ಲದ ಹೆಂಟೆ ಒಡೆದರೂ ಎರಡು ಪಾಲು. ನಾನು ವಿಧವೆಯಾದ ವರ್ಷ ಮನೆಯನ್ನೂ ಹಾಗೆಯೇ ಅರ್ಧ ಮಾಡಿ ನಡುವೆ ಗೋಡೆ ಎಬ್ಬಿಸಿದರು. ಅಷ್ಟಾದರೂ, ಒಂದೇ ಬಸ್ಸಿನಲ್ಲಿ ಹೋಗಿ ಬಂದು ಅವಳೊಬ್ಬಳಿಗೆ ಔಷಧ ಇಲ್ಲ ಅಂದರೆ ನನಗೆ ತಡೆಯಲಾಗಲಿಲ್ಲ. ತಂಬಿಗೆ ತಂದೆ. ಎರಡೂ ಬಾಟಲಿ ಅದಕ್ಕೆ ಸುರಿದು, ಕಲೆಸಿ, ಮತ್ತೆ ಎರಡಕ್ಕೂ ಸಮನಾಗಿ ತುಂಬಿದೆ.

"ಯಾರಿಗೂ ಕೊಡಬ್ಯಾಡ ಅಂದಾರ," ಅಂದೆ, ತುಂಬುತ್ತಲೇ.

"ನಾ ಯಾರೋ ಏನು? ನಿನ್ನ ನೆಗೆಣ್ಣಿ."

ಪ್ರತಿ ಹೊಸ ಬಾಟಲಿಗೂ ಹಾಗೆಯೇ ಮಾಡಿದೆವು.

ಆರು ವಾರಕ್ಕೆ ಮತ್ತೆ ಪಟ್ಟಿ ಇಳಿಸಿದರು. ಈ ಸಲ ಒಂದೂ ಕೆಂಪಾಗಲಿಲ್ಲ. ಅಂಕಿ ನೋಡಿ ಡಾಕ್ಟರ್ ಸಮೀನಾ ಮೊದಲ ಸಲ ನಕ್ಕರು.

"ನೀರು ಕಡಿಮಿ ಆಗೈತಿ. ಇಬ್ಬರದೂ ಛಲೋ ಇಳದೈತಿ."

ಆ ನಗು ಕಂಡು ನನಗೂ ಧೈರ್ಯ ಬಂತೋ ಏನೋ. ಕೇಳಿದೆ. "ಇದೆಲ್ಲಾ ಬರದು ಏನ್ ಮಾಡತೀರಿ ಮೇಡಂ?"

"ಎರಡೂ ಬಾಟಲಿಯವರು ಒಂದ ನಮೂನಿ ಸುಧಾರಿಸಿದ್ರ, ಔಷಧ ಬೇಕಾಗಿಲ್ಲ, ಹಲ್ಲ ಶುಚಿ ಮಾಡಿದ್ರ ಸಾಕು ಅಂತ ಬರೀತೇವ್ರಿ. ಮುಂದ ಹಳ್ಳಿ ದವಾಖಾನಿಗೆ ಅದನ್ನ ಕೊಡೂದ ಬ್ಯಾಡ ಅನ್ನಬಹುದು."

ನೀಲವ್ವ ನನ್ನ ತೊಡೆ ಚಿವುಟಿದಳು.

ಬಸ್ಸಿನಲ್ಲಿ ಇಬ್ಬರಿಗೂ ಜಗಳ. ಜಗಳ ಅಂದರೆ ಅವಳು ಆಡಿದಳು, ನಾನು ಕಿಡಕಿಯಾಚೆ ನೋಡಿದೆ.

"ನಮ್ಮಿಬ್ಬರ ಉಗುಳಿನಿಂದ ಜಗತ್ತ ಮುಳಗತೈತೇನ? ಬಾಯಿ ಮುಚ್ಕೊಂಡ ಕುಂದ್ರು. ನಿನಗ ಅದು ಹೊಸಾದೇನಲ್ಲ."

ಸ್ವಲ್ಪ ಹೊತ್ತಾದ ಮೇಲೆ ಅವಳೇ ಮೆತ್ತಗಾದಳು. "ಹೇಳಬೇಕಂದ್ರ ತಂತಿ ಕಟ್ಟಿಸ್ಕೊಂಡ ಮ್ಯಾಲ ಹೇಳ ಯಕ್ಕಾ. ಅರ್ಧಾ ತಾಸು ತಡದ್ರ ನಿನ್ನ ಗಂಟೇನ ಹೋಗತೈತಿ?"

ಅದು ಸರಿ ಅನಿಸಿತು. ಹಾಗೆಯೇ ಮಾಡಬೇಕೆಂದು ನಿರ್ಧರಿಸಿದೆ. ಇದನ್ನು ಮುಚ್ಚಿಡುವುದಿಲ್ಲ.

ಮೂರು ತಿಂಗಳಾದ ದಿನ ಕುರ್ಚಿಯ ಪಕ್ಕದ ಟ್ರೇಯಲ್ಲಿ ತಂತಿ ಸಿದ್ಧವಾಗಿತ್ತು. ಕೂದಲಿನಷ್ಟು ಸಣ್ಣದು, ಹೊಳೆಯುತ್ತಿತ್ತು. ಡಾಕ್ಟರ್ ಪಟ್ಟಿ ಹಿಡಿದು ಬಾಯಿ ತೆರೆಯಿರಿ ಅಂದರು. ತಂತಿ ನೋಡಿದೆ. ಯಾವುದೋ ಊರಿನಲ್ಲಿ ನನ್ನಂಥವಳೊಬ್ಬಳು ವಸಡಿನ ರಕ್ತ ತೋರಿಸುತ್ತಾಳೆ, ಅವಳಿಗೆ ಔಷಧ ಬೇಡ ಅನ್ನುತ್ತಾರೆ, ಹಾಗೆ ಅನ್ನುವುದಕ್ಕೆ ನನ್ನ ಬಾಯಿಯ ನೀರೇ ಸಾಕ್ಷಿಯಾಗಿರುತ್ತದೆ. ಉಪ್ಪು ಹಚ್ಚು ಅಂದವರ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡವಳು ನಾನು.

"ಮೇಡಂ, ನಾವ್ ಎರಡೂ ಬಾಟಲಿ ಕೂಡಿಸಿ ಹಂಚ್ಕೊಂಡೇವ್ರಿ."

ಪಟ್ಟಿ ಹಿಡಿದ ಕೈ ನಿಂತಿತು.

"ಯಾವಾಗಿಂದ?"

"ಮೊದಲನೇ ದಿವಸದಿಂದ."

ಅವರು ಪಟ್ಟಿಯನ್ನು ಟ್ರೇಯಲ್ಲಿಟ್ಟರು. ಎದ್ದು ಕಿಡಕಿಯ ಹತ್ತಿರ ಹೋಗಿ ನಿಂತರು. ಸುದ್ದಿ ತಿಳಿದು ಬಂದದ್ದು ಅವರಿಗೆ ಕಲಿಸುವ ದೊಡ್ಡ ಡಾಕ್ಟರ್. ಎಲ್ಲರ ಎದುರಿಗೆ, ನನ್ನನ್ನು ನೋಡದೆ, ಡಾಕ್ಟರ್ ಸಮೀನಾ ಅವರಿಗೆ ಹೇಳಿದರು.

"ಓದು ಬಾರದವರನ್ನು ಸೇರಿಸಿಕೊಳ್ಳಬೇಡ ಎಂದು ಮೊದಲೇ ಹೇಳಿದ್ದೆ."

ನಾನು ಏಳನೇ ಇಯತ್ತೆ ಪಾಸಾದವಳು. ಕನ್ಸೆಂಟ್ ಫಾರ್ಮ್ ಪೂರ್ತಿ ಓದಿದ್ದೆ. ಬಾಟಲಿಯನ್ನು ಹಂಚಿಕೊಳ್ಳಬಾರದು ಅಂತ ಅದರಲ್ಲಿ ಇತ್ತು. ಓದಿಯೇ ಸಹಿ ಮಾಡಿದ್ದೆ. ಓದು ಬಾರದವಳು ಅನ್ನಿಸಿಕೊಳ್ಳುವುದಕ್ಕಿಂತ ಅದು ದೊಡ್ಡ ತಪ್ಪು, ಆದ್ದರಿಂದ ಅವರ ಮಾತಿಗೆ ಎದುರಾಡಲಿಲ್ಲ. ಇಬ್ಬರನ್ನೂ ಸ್ಟಡಿಯಿಂದ ತೆಗೆದರು. ಚಿಕಿತ್ಸೆ ಇಲ್ಲ ಅನ್ನಲಿಲ್ಲ. ಎಲ್ಲರ ಹಾಗೆ ಚೀಟಿ ಮಾಡಿಸಿ ಸಾಲಿನಲ್ಲಿ ಬನ್ನಿ ಅಂದರು.

ತಂತಿಯ ಟ್ರೇ ಒಳಗೆ ಹೋಯಿತು.

ಸವದತ್ತಿ ಸ್ಟ್ಯಾಂಡಿನಲ್ಲಿ ಇಳಿದಾಗ ನೀಲವ್ವ ಅಂದಳು, "ಮೂವತ್ತೆಂಟ ವರ್ಷ ಮಾತಾಡ್ಲಿಲ್ಲ. ಮಾತಾಡಿದ್ದೂ ಎಲ್ಲಿ ನೋಡು, ಹಲ್ಲಿನ ಕುರ್ಚಿ ಮ್ಯಾಲ." ಆಮೇಲೆ ಎರಡು ತಿಂಗಳು ಅವಳು ಗೋಡೆಯ ಈಚೆ ಬರಲಿಲ್ಲ. ಅವಳ ವಸಡು ಪೂರ್ತಿ ವಾಸಿಯಾಗಿತ್ತು. ನಾನೇ ಸುರಿದುಕೊಟ್ಟ ಔಷಧಿಯಿಂದಲೋ, ಬರೀ ಸ್ಕೇಲಿಂಗಿನಿಂದಲೋ, ಇನ್ನು ಯಾರೂ ಹೇಳಲಾರರು.

ಸಾಲಿನಲ್ಲಿ ನನ್ನ ಪಾಳಿ ಬರುವಷ್ಟರಲ್ಲಿ ಒಂದು ಹಲ್ಲು ಅನ್ನದ ತುತ್ತಿನಲ್ಲಿ ಬಂತು. ನೋಯಲಿಲ್ಲ. ಅಕ್ಕಿಯಲ್ಲಿಯ ಕಲ್ಲು ಅಂದುಕೊಂಡು ಉಗುಳಿದೆ. ಇನ್ನೊಂದನ್ನು ದವಾಖಾನೆಯಲ್ಲೇ ಕೀಳಬೇಕಾಯಿತು. ಉಳಿದ ಎರಡಕ್ಕೆ, ಪಕ್ಕದ ಗಟ್ಟಿ ಹಲ್ಲುಗಳಿಗೆ ಸೇರಿಸಿ, ಡಾಕ್ಟರ್ ಸಮೀನಾ ಅವರೇ ತಂತಿ ಕಟ್ಟಿದರು.

ಏಳುವಾಗ ಅಂದರು. "ನೀವು ಹೇಳಿದ್ದು ಛಲೋ ಆತ್ರಿ. ಆದ್ರ ನನಗ ಸಿಟ್ಟ ಇನ್ನೂ ಇಳದಿಲ್ಲ. ನಿಮ್ಮ ಬದಲಿ ಬ್ಯಾರೆಯವರನ್ನ ಹುಡುಕಿ ಮೊದಲಿಂದ ಸುರು ಮಾಡೇನಿ."

"ಇಳಸಬ್ಯಾಡ್ರಿ," ಅಂದೆ. ಅದು ನನ್ನ ಬಾಯಿಯಿಂದ ಹೇಗೆ ಬಂತೋ. ಅವರು ಸ್ವಲ್ಪ ನಕ್ಕ ಹಾಗಾಯಿತು. ಆ ಹುಡುಗಿಗೆ ನಾನು ನಷ್ಟ ಮಾಡಿದೆ, ಅವಳು ನನ್ನ ಎರಡು ಹಲ್ಲು ಉಳಿಸಿದಳು. ಒಳ್ಳೆಯದನ್ನು ಬರೆಯಬೇಕಾದರೆ ಇಷ್ಟು ಇದೆ.

ನೀಲವ್ವ ಈಗ ಮತ್ತೆ ಬರುತ್ತಾಳೆ, ನಗುತ್ತಾಳೆ. ಏನನ್ನೂ ಅರ್ಧ ಮಾಡಲು ಮಾತ್ರ ನಮಗಿಬ್ಬರಿಗೂ ಕೈ ಏಳುವುದಿಲ್ಲ.

ಹೋದ ವಾರ ತಂತಿ ತೋರಿಸಲು ಬೈಲಹೊಂಗಲಕ್ಕೆ ಒಬ್ಬಳೇ ಹೋಗಿದ್ದೆ. ಬೆಂಚಿನಲ್ಲಿ ನನ್ನ ಪಕ್ಕ ಕಿತ್ತೂರ ಕಡೆಯ ಅತ್ತೆ ಸೊಸೆ ಕೂತಿದ್ದರು. ಇಬ್ಬರ ಕೈಯಲ್ಲೂ ನಂಬರಿನ ಬಾಟಲಿ. ಸೊಸೆ ತನ್ನದರ ಮುಚ್ಚಳ ತೆಗೆದು ಮೂಸಿ, ಅತ್ತೆಯ ಬಾಟಲಿಗೆ ಕೈ ಚಾಚಿದಳು.

"ಹಂಚ್ಕೋಬ್ಯಾಡ್ರೆವಾ," ಅಂದೆ. ಗುರುತಿಲ್ಲದವರ ಜೊತೆ ನಾನಾಗಿ ಮಾತಾಡಿದ್ದು ಅದೇ ಮೊದಲು.

"ಯಾಕ್ರಿ? ಏನಾಗತೈತಿ?"

ಸೆರಗು ಕೆಳಗಿಳಿಸಿ ಹಲ್ಲು ಬಿದ್ದ ಸಂದಿ ತೋರಿಸಿದೆ.

"ಹಂಚ್ಕೊಂಡ್ರ ಆಮ್ಯಾಲ ಖರೇ ಹೇಳಬೇಕಾಗತೈತಿ."

ಅವಳು ನನ್ನ ಬಾಯನ್ನೇ ನೋಡಿದಳು. ಆಮೇಲೆ ಮುಚ್ಚಳ ಬಿಗಿ ಮಾಡಿದಳು.