ಲಂಗಕ್ಕೆ ಹೋದ ಮಾರ್ಕು

ಆಗೆಲ್ಲ ಮಧುಗಿರಿಯಲ್ಲಿ ಲಾಗ ಹಾಕುವುದು ಗಂಡುಹುಡುಗರ ಸ್ವತ್ತು. ನಾವು ಹೆಣ್ಣುಮಕ್ಕಳು ಕುಂಟೆಬಿಲ್ಲೆ ಆಡಬಹುದಿತ್ತು, ಹಗ್ಗ ಜಿಗಿಯಬಹುದಿತ್ತು. ತಲೆ ಕೆಳಗೆ, ಕಾಲು ಮೇಲೆ ಮಾಡಿದರೆ ಮಾತ್ರ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ನನಗೆ ಬಿದ್ದಷ್ಟು ಗುದ್ದು ನಮ್ಮ ಬೀದಿಯಲ್ಲಿ ಇನ್ಯಾರಿಗೂ ಬಿದ್ದಿರಲಾರದು.

ಅರವತ್ತರ ದಶಕದ ಆ ವರ್ಷ ನಮ್ಮ ಶಾಲೆಗೆ ಹೊಸ ಡ್ರಿಲ್ ಮೇಷ್ಟ್ರು ಬಂದರು. ಬಂದವರೇ ಹಳೆಯ ಮನೆಯೊಂದರ ತೊಲೆಯನ್ನು ಕೆತ್ತಿಸಿ, ನಾಲ್ಕು ಅಂಗುಲ ಅಗಲಕ್ಕೆ ನುಣ್ಣಗೆ ಮಾಡಿಸಿ, ಎರಡು ಕಲ್ಲುಕಂಬಗಳ ಮೇಲೆ ಕೂರಿಸಿದರು. ಕೆಳಗೆ ಹಾಸಲು ಕಡಲೆಕಾಯಿ ಸಿಪ್ಪೆ ತುಂಬಿದ ಗೋಣಿಚೀಲಗಳು. ಬಿದ್ದಾಗಲೆಲ್ಲ ಚೀಲ ಕರಕರ ಎನ್ನುತ್ತಿತ್ತು, ಮೂಗಿನೊಳಗೆ ಕೆಮ್ಮಣ್ಣಿನ ಧೂಳು. ಆ ವಾಸನೆ ನನಗೆ ಇವತ್ತಿಗೂ ಇಷ್ಟ.

ಮಾರ್ಕು ಹಾಕುವ ಕ್ರಮವನ್ನು ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತಿಳಿಸಿದರು. "ಕಷ್ಟದ ಕಸರತ್ತಿಗೆ ಐದು, ಅಚ್ಚುಕಟ್ಟಿಗೆ ಐದು, ಒಟ್ಟು ಹತ್ತು. ಮಂಡಿ ಬಗ್ಗಿದ್ರೆ ಒಂದು ಮಾರ್ಕಿನ ಹತ್ತರಲ್ಲೊಂದು ಭಾಗ ಹೋಯ್ತು. ಇಳಿಯೋವಾಗ ಹೆಜ್ಜೆ ತಪ್ಪಿದ್ರೆ ಇನ್ನೊಂದು. ತೊಲೆಯಿಂದ ಬಿದ್ರೆ ಅರ್ಧ ಮಾರ್ಕು!" ತೀರ್ಪುಗಾರರು ನಾಲ್ವರು. ಅತಿ ಹೆಚ್ಚು ಕೊಟ್ಟವರದ್ದನ್ನೂ ಅತಿ ಕಡಿಮೆ ಕೊಟ್ಟವರದ್ದನ್ನೂ ಹೊಡೆದುಹಾಕಿ, ನಡುವಿನ ಎರಡನ್ನು ಕೂಡಿ ಅರ್ಧ ಮಾಡಬೇಕು. "ಅವ್ವನ ಮುದ್ದೂ ಬೇಡ, ದಾಯಾದಿ ಹೊಟ್ಟೆಕಿಚ್ಚೂ ಬೇಡ ಅಂತ ಈ ಏರ್ಪಾಟು" ಎಂದರು. ಸಂಜೆ ನಾನಿದನ್ನು ಅಜ್ಜಿಗೆ ಹೇಳಿದಾಗ ಅಜ್ಜಿ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಿತು.

"ಮಗೀಗೆ ಕೊಡೋಕ್ ಮುಂಚೇನೇ ಕಿತ್ಕಳೋದಾ? ಇದ್ಯಾವ ಸೀಮೆ ನ್ಯಾಯ ಕಣಮ್ಮ?"

ಪಂದ್ಯಕ್ಕೆ ಸಿರಾ, ಕೊರಟಗೆರೆ, ಪಾವಗಡದ ಶಾಲೆಗಳಿಂದಲೂ ಹುಡುಗಿಯರು ಬರುವವರಿದ್ದರು. ಮೊದಲ ಸ್ಥಾನ ಪಡೆದವಳೊಬ್ಬಳೇ ತುಮಕೂರಿನ ಜಿಲ್ಲಾ ಪಂದ್ಯಕ್ಕೆ. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಗೆದ್ರೆ ಹೋಗ್ಬಾ ಪದ್ದಿ. ಸೋತ್ರೆ ಇಲ್ಲಿಗೇ ಮುಗೀತು. ದೊಡ್ಡೋಳಾಗ್ತಾ ಇದೀಯ." ನಾನಾಗ ಹದಿಮೂರರ ಹುಡುಗಿ, ತುಮಕೂರು ಕಂಡವಳಲ್ಲ. ಅದಕ್ಕಿಂತ ಹೆಚ್ಚಾಗಿ, ಲಾಗ ಹಾಕದೆ ಬದುಕುವುದು ಹೇಗೆಂದೇ ನನಗೆ ತಿಳಿಯುತ್ತಿರಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ನೆಲದ ಮೇಲಿನ ಕಸರತ್ತು, ಮಧ್ಯಾಹ್ನದ ಮೇಲೆ ತೊಲೆಯದು. ಒಂದೊಂದು ತಾಲ್ಲೂಕಿನಿಂದ ಒಬ್ಬೊಬ್ಬರಂತೆ ನಾಲ್ವರು ಮೇಷ್ಟ್ರುಗಳು ಮೈದಾನದ ನಾಲ್ಕು ಮೂಲೆಯಲ್ಲಿ ಸ್ಲೇಟು ಹಿಡಿದು ಕೂತರು. ನಾನು ಅಣ್ಣನ ಚಡ್ಡಿಯ ಮೇಲೆ ಲಂಗ ತೊಟ್ಟಿದ್ದೆ. ಲಾಗ ಹಾಕಿದೆ, ಕಮಾನಿನಂತೆ ಹಿಂದಕ್ಕೆ ಬಾಗಿದೆ, ಕೈ ಊರಿ ಚಕ್ರ ತಿರುಗಿದೆ. ಮಂಡಿ ಬಗ್ಗಲಿಲ್ಲ, ಕಾಲ್ಬೆರಳು ನೆಟ್ಟಗಿದ್ದವು. ಆದರೆ ಎದ್ದು ನಿಂತಾಗಲೆಲ್ಲ ಜನರ ನಡುವಿನಿಂದ ಅಜ್ಜಿಯ ದನಿ: "ಲಂಗ ಎಳ್ಕಳ್ಳೇ!" ಹುಟ್ಟಿದಾಗಿನಿಂದ ಕೇಳಿದ ಮಾತು, ಕೈ ತಾನಾಗಿಯೇ ಹೋಗುತ್ತಿತ್ತು. ಹಾಗೆ ಮೂರು ಸಲ ಎಳೆದುಕೊಂಡೆ. ಮೂರು ಸಲವೂ ಸೀಮೆಸುಣ್ಣ ಸ್ಲೇಟಿನ ಮೇಲೆ ಗೀಚಿತು.

ನನಗೆ ಬಂದದ್ದು ಏಳೂವರೆ. ಸಿರಾದ ಖುರ್ಷಿದ್ ಎಂಬ ಹುಡುಗಿಗೆ ಏಳು ಪಾಯಿಂಟ್ ಎಂಟು. ಅವಳ ತಂದೆ ಟೈಲರ್. ಸೊಂಟಕ್ಕೂ ಕಣಕಾಲಿಗೂ ಎಲಾಸ್ಟಿಕ್ ಹಾಕಿದ ನೀಲಿ ಪೈಜಾಮ ಹೊಲಿದುಕೊಟ್ಟಿದ್ದರು. ಎಳೆದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ಅಜ್ಜಿ ಸೀದಾ ಕೊರಟಗೆರೆ ಮೇಷ್ಟ್ರ ಮುಂದೆ ಹೋಗಿ ನಿಂತಿತು. "ಏನ್ ಸ್ವಾಮಿ, ಮಾನ ಮುಚ್ಕಂಡಿದ್ದಕ್ಕೆ ಮಾರ್ಕು ಕಿತ್ಕಂಬುಟ್ರಾ?"

"ಬಟ್ಟೆ ಸರಿಮಾಡ್ಕೊಂಡ್ರೆ ಕಳೀಬೇಕು ಅಂತ ನಾವೇ ಮಾತಾಡ್ಕೊಂಡಿದೀವಿ ಅಜ್ಜಿ."

"ಅಂಗಾದ್ರೆ ನನ್ನ ಮಾರ್ಕು ಕಳೀರಿ, ಕೂಗಿದ್ದು ನಾನು!"

ಪಾವಗಡದ ಮೇಷ್ಟ್ರು ಸ್ಲೇಟಿನಿಂದ ಮುಖ ಮುಚ್ಚಿಕೊಂಡು ನಕ್ಕರು. "ಅವ್ವಾ, ಕೋಪಂ ವದ್ದು, ಕೋಪ ಬ್ಯಾಡ. ಇನ್ನೂ ತೊಲೆ ಆಟ ಐತೆ."

ಮಧ್ಯಾಹ್ನ ರೊಟ್ಟಿ ತಿನ್ನುವ ಹೊತ್ತಿಗೆ ನಾನು ನೀರಿನ ತೊಟ್ಟಿಯ ಹಿಂದೆ ಕೂತು ಅಳುತ್ತಿದ್ದೆ. ಖುರ್ಷಿದ್ ಅಲ್ಲಿಗೆ ಬಂದು ಆ ನೀಲಿ ಪೈಜಾಮವನ್ನು ನನ್ನ ಮಡಿಲಿಗೆ ಹಾಕಿದಳು. ತಾನು ಆಗಲೇ ಬೇರೊಂದು ಬಿಳಿಯದನ್ನು ಹಾಕಿಕೊಂಡಿದ್ದಳು.

"ತಗೊಳ್ಳೇ. ಇದು ಜಾರಲ್ಲ."

"ನಿಂಗೆ?"

"ಇದೈತಲ್ಲ. ಲಾಡೀದು, ಸ್ವಲ್ಪ ಸಡ್ಲ. ಪರ್ವಾಗಿಲ್ಲ, ಗಟ್ಟಿ ಕಟ್ಕೊಂಡಿದೀನಿ."

"ಯಾಕೆ ಕೊಡ್ತಿದೀಯಾ? ನಾನು ಗೆದ್ಬುಟ್ರೆ?"

"ನಾನು ಸೋಲಿಸ್ಬೇಕಾಗಿರೋದು ನಿನ್ನ ಕಣೇ, ನಿನ್ನ ಲಂಗಾನಲ್ಲ."

ಆ ನೀಲಿ ಪೈಜಾಮ ತೊಟ್ಟು ನಾನು ತೊಲೆ ಹತ್ತಿದೆ. ಒಂಟಿಕಾಲಿನಲ್ಲಿ ನಿಂತೆ, ತಿರುಗಿದೆ, ಕುಪ್ಪಳಿಸಿದೆ. ಅಜ್ಜಿ ಸೆರಗಿನಿಂದ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಿತ್ತು. ಕೊನೆಗೆ ಚೀಲದ ಮೇಲೆ ಜಿಗಿದು ಕಂಬದ ಹಾಗೆ ನಿಂತೆ. ಹೆಚ್ಚಿನದೂ ಕಡಿಮೆಯದೂ ಹೊಡೆದುಹಾಕಿ ಉಳಿದದ್ದು ಸರಿಯಾಗಿ ಎಂಟು.

ಆಮೇಲೆ ಖುರ್ಷಿದ್. ತೊಲೆಯ ಮೇಲೆ ಅವಳು ನಡೆಯುವುದು ನೋಡಲು ಬಲು ಚೆಂದ. ಅರ್ಧಕ್ಕೆ ಬಂದಾಗ ಅವಳ ಕೈ ಸೊಂಟಕ್ಕೆ ಹೋಯಿತು. ಲಾಡಿ ಸಡಿಲವಾಗಿತ್ತು. ನಾನು ಅಯ್ಯೋ ಅಂದೆ. ತಿರುಗುವಾಗ ಎರಡನೇ ಸಲ ಕೈ ಹೋಯಿತು. ಸುಳ್ಳೇಕೆ ಹೇಳಲಿ, ಆಗ ನನಗೆ ಒಳಗೊಳಗೇ ಖುಷಿಯಾಯಿತು.

ಅವಳಿಗೆ ಏಳು ಪಾಯಿಂಟ್ ಆರು. ಎರಡೂ ಆಟ ಕೂಡಿದಾಗ ನನ್ನದು ಹದಿನೈದೂವರೆ, ಅವಳದು ಹದಿನೈದು ಪಾಯಿಂಟ್ ನಾಲ್ಕು. ನಮ್ಮ ಶಾಲೆಯ ಹುಡುಗಿಯರು ನನ್ನನ್ನು ಎತ್ತಿಕೊಂಡು ಕುಣಿದರು. ಅಜ್ಜಿ ನಾಲ್ವರು ಮೇಷ್ಟ್ರಿಗೂ ಹುರಿದ ಕಡಲೆಕಾಯಿ, ಬೆಲ್ಲ ಹಂಚಿ, "ಈಗ ನೋಡಿ, ನ್ಯಾಯ ಅಂದ್ರೆ ಇಂಗಿರ್ಬೇಕು" ಎಂದಿತು. ಖುರ್ಷಿದ್‌ಗೂ ಒಂದು ಬೊಗಸೆ ಸಿಕ್ಕಿತು. ಅತ್ತು ಕೆಂಪಾದ ಕಣ್ಣಲ್ಲೇ ನನ್ನ ಕಡೆ ನೋಡಿ ನಕ್ಕು, ಅವಳು ಸಿರಾ ಬಸ್ಸು ಹತ್ತಿದಳು.

ತುಮಕೂರಿನಲ್ಲಿ ನಾನು ಒಂಬತ್ತನೆಯವಳಾದೆ. ಮುಂದಿನ ವರ್ಷ ದಾವಣಿ ಬಂತು, ಲಾಗ ನಿಂತಿತು. ಅಜ್ಜಿ ಹೋಯಿತು. ಆ ಶಾಲೆಯ ಮೈದಾನದಲ್ಲಿ ಈಗ ಅಂಗಡಿಗಳ ಸಾಲು.

ಈಗ ಮೊಮ್ಮಗಳ ಜೊತೆ ಟೀವಿಯಲ್ಲಿ ಜಿಮ್ನಾಸ್ಟಿಕ್ಸ್ ನೋಡುತ್ತೇನೆ. ಆ ಹುಡುಗಿಯರು ಗಾಳಿಯಲ್ಲಿ ಮಾಡುವುದನ್ನು ನಾವು ಕನಸಿನಲ್ಲೂ ಕಂಡಿರಲಿಲ್ಲ. ಹತ್ತು ಎಂಬ ಮಿತಿಯೂ ಹೋಗಿದೆಯಂತೆ. ಕಸರತ್ತಿನ ಕಷ್ಟಕ್ಕೆ ಸೊನ್ನೆಯಿಂದ ಕೂಡುತ್ತಾ ಹೋಗುವವರು ಬೇರೆ, ಅಚ್ಚುಕಟ್ಟಿಗೆ ಹತ್ತರಿಂದ ಕಳೆಯುವವರು ಬೇರೆ. ಹಲವು ಕೋನಗಳಿಂದ ಕ್ಯಾಮೆರಾ ಇರುವಾಗ ಒಂದು ಬೆರಳು ಬಾಗಿದರೂ ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ಕಾಲದಲ್ಲಿ ಇದ್ದದ್ದು ನಾಲ್ಕು ಸ್ಲೇಟು. ಅವು ಕೈ ಸೊಂಟಕ್ಕೆ ಹೋದದ್ದನ್ನು ಕಂಡವು, ಯಾಕೆ ಹೋಯಿತೆಂದು ಕಾಣಲಿಲ್ಲ. ಕಂಡವಳು ನಾನೊಬ್ಬಳೇ, ನಾನು ಬಾಯಿ ಬಿಡಲಿಲ್ಲ.

ಆಮೇಲೆ ಎಷ್ಟೋ ಸಲ ಸಿರಾಕ್ಕೆ ಹೋಗಿದ್ದೇನೆ. ಟೈಲರ್ ಅಂಗಡಿ ಕಂಡಲ್ಲೆಲ್ಲ ನಿಂತು ಕೇಳಿದ್ದೇನೆ. ಯಾವ ಖುರ್ಷಿದ್, ಯಾರ ಮಗಳು ಎಂದು ಅವರು ಕೇಳುತ್ತಾರೆ. ಅವಳ ತಂದೆಯ ಹೆಸರನ್ನು ಆವತ್ತು ಕೇಳಿಕೊಳ್ಳುವಷ್ಟು ವ್ಯವಧಾನವೂ ನನಗಿರಲಿಲ್ಲ, ನಾನು ಗೆದ್ದಿದ್ದೆನಲ್ಲ.